ಬಳೇಪೇಟೆಯ ಬೋರ್ಡಿಲ್ಲದ ಅಂಗಡಿಯಲ್ಲಿ ಮೃದಂಗದ ಬಲಮುಚ್ಚಿಗೆ ಬದಲಾಯಿಸಿದ್ದು

ಮಗಳ ಮೃದಂಗದ ಬಲಗಡೆ ಏಪ್ರಿಲ್ ಬಿಸಿಲಿನಲ್ಲಿ ಕೈಕೊಟ್ಟಿತು. ಕರಣೆ, ಅಂದರೆ ಚರ್ಮದ ನಡುವೆ ಹಚ್ಚುವ ಕಪ್ಪು ಲೇಪ, ಒಂದು ಬದಿಯಲ್ಲಿ ಚಕ್ಕೆ ಎದ್ದಿತ್ತು. ಅದಾದರೂ ಕಣ್ಣಿಗೆ ಕಾಣುವ ರೋಗ. ಕಿವಿಗೆ ಕೇಳುವ ರೋಗ ಇನ್ನೊಂದಿತ್ತು: 'ನಂ' ಎಂಬ ಪೆಟ್ಟು ನುಡಿಸಿದರೆ ನಾದ ನೆಟ್ಟಗೆ ನಿಲ್ಲದೆ 'ವಂ ವಂ ವಂ' ಎಂದು ತೂಗುತ್ತಿತ್ತು, ಚಿಲಕ ಹಾಕದ ಬಾಗಿಲು ಗಾಳಿಗೆ ಆಡಿದ ಹಾಗೆ. ಅವಳ ಗುರುಗಳು ಎರಡು ಸಲ ಕೇಳಿ, "ಮುಚ್ಚಿಗೆ ಹೋಗಿದೆ, ಬದಲಾಯಿಸಿಬಿಡಿ" ಎಂದರು. ಮುಚ್ಚಿಗೆ ಎಂದರೆ ಬಾಯಿಗೆ ಬಿಗಿದ ಚರ್ಮ. ಎರಡು ವರ್ಷದ ಹಿಂದೆ ಅಂತರಜಾಲದ ಒಂದು ತಾಣದಿಂದ ತರಿಸಿದ ವಾದ್ಯ ಅದು. ತಾಣದ ಹೆಸರು ಬೇಡ. ಬಂದ ಪೆಟ್ಟಿಗೆ ಮಾತ್ರ ಬಹಳ ಚೆನ್ನಾಗಿತ್ತು, ಈಗಲೂ ಅದರಲ್ಲಿ ಹಳೆಯ ಉತ್ತರಪತ್ರಿಕೆಗಳನ್ನು ತುಂಬಿಟ್ಟಿದ್ದೇನೆ.

ಗುರುಗಳೇ ಹೇಳಿದ ಅಂಗಡಿ ಬಳೇಪೇಟೆಯ ಒಂದು ಓಣಿಯಲ್ಲಿದೆ. ಬೋರ್ಡಿಲ್ಲ. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದು ಹೋಗುವುದು ಒಳ್ಳೆಯದು. ಸ್ಕೂಟರ್ ತಂದರೆ ಅದನ್ನು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಒಂದು ಪಲ್ಲವಿ ಹಾಡಿ ಮುಗಿಸಬಹುದು. ಒಳಗೆ ಒಂದು ಜಮಖಾನೆ, ಗೋಡೆಗೆ ಒರಗಿದ ಹಲಸಿನ ಮರದ ಖಾಲಿ ಒಡಲುಗಳು, ನೀರಿನಲ್ಲಿ ನೆನೆಹಾಕಿದ ಚರ್ಮದ ಬಾರು. ವಾಸನೆ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಯಜಮಾನರಿಗೆ ಅರವತ್ತು ದಾಟಿದೆ. ಅವರ ಎದುರು ಕುಳಿತ ಹುಡುಗ ಅಳಿಯನೋ ಮಗನೋ, ಮೂರು ಸಲ ಹೋದರೂ ನನಗೆ ತಿಳಿಯಲಿಲ್ಲ.

ಈ ವಿಮರ್ಶೆ ಬರೆಯಲು ನನಗೊಂದು ವಿಚಿತ್ರವಾದ ಅರ್ಹತೆ ಇದೆ. ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ನಾನು ಇಪ್ಪತ್ತೆರಡು ವರ್ಷದ ಹಿಂದೆ ಪಿಎಚ್‌ಡಿ ಮಾಡಿದ್ದು ಅಂಚಿರುವ ಮ್ಯಾನಿಫೋಲ್ಡ್‌ಗಳ ಮೇಲಿನ ಎಲಿಪ್ಟಿಕ್ ಆಪರೇಟರ್‌ಗಳ ಜೀಟಾ ಫಂಕ್ಷನ್ ಕುರಿತು. ಮ್ಯಾನಿಫೋಲ್ಡ್ ಎಂದರೆ ಮೇಲ್ಮೈಯಂಥ ಆಕೃತಿ, ಎಲಿಪ್ಟಿಕ್ ಆಪರೇಟರ್ ಎಂದರೆ ಅದರ ಕಂಪನಗಳನ್ನು ನಿರ್ಧರಿಸುವಂಥ ಗಣಿತದ ಕ್ರಿಯೆ, ಜೀಟಾ ಎಂದರೆ ಆ ಕಂಪನಗಳನ್ನೆಲ್ಲ ಒಟ್ಟುಗೂಡಿಸುವ ಒಂದು ಮೊತ್ತ, ಅದರ ವಿವರ ಮುಂದೆ ಬರುತ್ತದೆ. ಮನೆಯಲ್ಲಿ ಇದನ್ನು ಯಾರಿಗೂ ವಿವರಿಸಲು ಆಗಿರಲಿಲ್ಲ. ಅತ್ತೆಯವರು ಬಂದವರಿಗೆಲ್ಲ "ಏನೋ ಅಂಚಿನ ಲೆಕ್ಕವಂತೆ" ಎಂದು ಹೇಳುತ್ತಿದ್ದರು. ಅದೇ ಇದ್ದುದರಲ್ಲಿ ಸರಿಯಾದ ವಿವರಣೆ.

ಯಜಮಾನರು ಮೃದಂಗವನ್ನು ಮಡಿಲಿಗೆ ಎಳೆದುಕೊಂಡು ನಡುವೆ ಒಮ್ಮೆಯೂ ಬಾರಿಸಲಿಲ್ಲ. ತೋರುಬೆರಳಿನಿಂದ ಅಂಚಿನ ಉದ್ದಕ್ಕೂ ಸುತ್ತು ಬಂದರು. ಬಾರು ಹೊಕ್ಕು ಹೊರಡುವ ಜಾಗಕ್ಕೆ ಕಣ್ಣು ಎನ್ನುತ್ತಾರೆ, ಒಟ್ಟು ಹದಿನಾರು. ಒಂದೊಂದು ಕಣ್ಣಿನ ಎದುರೂ ಒಂದು ತಟ್ಟು, ಅರ್ಧ ಕ್ಷಣ ಮೌನ, ಮತ್ತೆ ಮುಂದಿನದು. ಐದನೆಯದರಲ್ಲೂ ಹದಿಮೂರನೆಯದರಲ್ಲೂ ಸೀಮೆಸುಣ್ಣದಿಂದ ಗೆರೆ ಎಳೆದರು. ಎರಡೂ ಎದುರುಬದುರು. "ಇಲ್ಲಿ ಒಂದು ಹೇಳುತ್ತದೆ, ಇದರ ಅಡ್ಡಕ್ಕೆ ಇನ್ನೊಂದು ಹೇಳುತ್ತದೆ. ಎರಡೂ ಜಗಳ ಆಡುತ್ತಿವೆ ಅಮ್ಮ" ಎಂದರು.

ಜಗಳ ಎಂಬ ಮಾತಿಗೆ ನಾನು ಸೋತುಹೋದೆ. ಉಂಗುರದ ಬೆರಳನ್ನು ಹಗುರವಾಗಿ ಊರಿ ತೋರುಬೆರಳಿನಿಂದ 'ನಂ' ನುಡಿಸಿದಾಗ ಚರ್ಮ ಒಂದು ವ್ಯಾಸದ ಗೆರೆಯ ಎರಡು ಬದಿಗೆ ತಕ್ಕಡಿಯಂತೆ ಏರಿಳಿಯುತ್ತದೆ, ಗೆರೆ ಮಾತ್ರ ಅಲುಗುವುದಿಲ್ಲ. ಆ ಗೆರೆ ಉತ್ತರ ದಕ್ಷಿಣವಾಗಿರಬಹುದು, ಪೂರ್ವ ಪಶ್ಚಿಮವಾಗಿಯೂ ಇರಬಹುದು. ಚರ್ಮ ಸರಿಯಾದ ವೃತ್ತವಾಗಿದ್ದು ಬಿಗಿ ಎಲ್ಲೆಡೆ ಒಂದೇ ಆಗಿದ್ದರೆ ಎರಡಕ್ಕೂ ಒಂದೇ ಆವರ್ತನ. ಗಣಿತದ ಮಾತಿನಲ್ಲಿ ಅದು ಜೋಡಿ ಐಗನ್‌ವ್ಯಾಲ್ಯೂ. ಬಿಗಿ ಒಂದು ದಿಕ್ಕಿನಲ್ಲಿ ಸಡಿಲವಾಯಿತೋ, ಜೋಡಿ ಒಡೆಯುತ್ತದೆ. ನನ್ನ ಮೊಬೈಲಿನಲ್ಲಿ ನಾದದ ವರ್ಣಪಟಲ ತೋರಿಸುವ ಆ್ಯಪ್ ಇದೆ. ಹಿಂದಿನ ರಾತ್ರಿ ಅದರಲ್ಲಿ ಒಂದು ಶಿಖರ ಇರಬೇಕಾದ ಕಡೆ ಎರಡು ಕಂಡಿದ್ದೆ, ನಾಲ್ಕು ಹರ್ಟ್ಸ್ ಅಂತರದಲ್ಲಿ. ಸೆಕೆಂಡಿಗೆ ನಾಲ್ಕು 'ವಂ'. ನಾನು ಮೊಬೈಲು ಹಿಡಿದು ಅರ್ಧ ಗಂಟೆ ತಿಣುಕಿ ಕಂಡದ್ದನ್ನು ಇವರು ಹದಿನಾರು ತಟ್ಟಿನಲ್ಲಿ ಕಂಡರು, ಜೊತೆಗೆ ಯಾವ ದಿಕ್ಕು ಎಂಬುದನ್ನೂ ಹೇಳಿದರು. ಅದು ನನ್ನ ಆ್ಯಪ್‌ಗೆ ಗೊತ್ತಾಗಿರಲಿಲ್ಲ.

"ನೀವು ಏನು ಕೆಲಸ ಮಾಡುವುದು?" ಎಂದು ಕೇಳಿದರು. ಹೇಳಿದೆ. ಉತ್ಸಾಹದಲ್ಲಿ ಸ್ವಲ್ಪ ಹೆಚ್ಚೇ ಹೇಳಿದೆ: ಅಂಚಿರುವ ವಸ್ತುಗಳ ನಾದದ ಲೆಕ್ಕ ನನ್ನದು, ಅಂಚಿಲ್ಲದವುಗಳ ಲೆಕ್ಕ ಸುಲಭ, ಅದನ್ನು ಮೊದಲೇ ಮಾಡಿ ಮುಗಿಸಿದ್ದರು ಎಂದು.

"ಅಂಚಿಲ್ಲದ ವಸ್ತು ಯಾವುದು?"

"ಚೆಂಡಿನ ಮೇಲ್ಮೈ ಇದೆಯಲ್ಲ, ಅಂಥದು."

"ಅದನ್ನು ಯಾರು ನುಡಿಸುತ್ತಾರೆ?"

ನಿಜ. ಆದರೂ ನಮ್ಮ ಗಣಿತದವರು ಅಲ್ಲಿಂದಲೇ ಆರಂಭಿಸಿದರು. ತ್ರಿಶೂರಿನಲ್ಲಿ ಹುಟ್ಟಿ ಮುಂದೆ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಎಸ್. ಮೀನಾಕ್ಷಿಸುಂದರಂ, ಸ್ವೀಡನ್ನಿನ ಓಕೆ ಪ್ಲೇಯಲ್ ಜೊತೆಗೂಡಿ 1949ರಲ್ಲಿ ಬರೆದ ಪ್ರಬಂಧದಿಂದ ಈ ಜೀಟಾಕ್ಕೆ ಅವರಿಬ್ಬರ ಹೆಸರೇ ನಿಂತಿದೆ. ಅಮೆರಿಕದ ರಾಬರ್ಟ್ ಸೀಲಿ 1967ರಲ್ಲಿ ಅಂಚಿಲ್ಲದ ಮ್ಯಾನಿಫೋಲ್ಡ್‌ನ ಮೇಲೆ ಎಲಿಪ್ಟಿಕ್ ಆಪರೇಟರ್‌ಗಳ ಸಂಕೀರ್ಣ ಘಾತಗಳನ್ನು ಕಟ್ಟಿ ತೋರಿಸಿದರು. ಅಂಚಿರುವುದಕ್ಕೆ ಅದನ್ನು ಒಗ್ಗಿಸಿದ್ದು 1969ರಲ್ಲಿ. ಎರಡೇ ವರ್ಷದ ಅಂತರ, ಆದರೆ ಆ ಪುಟಗಳನ್ನು ಓದಿದವರಿಗೆ ಗೊತ್ತು, ಅಂಚು ಬಂದ ಕೂಡಲೇ ಪ್ರತಿ ಸಾಲಿನ ತೂಕ ದುಪ್ಪಟ್ಟಾಗುತ್ತದೆ.

ಓದುವವರಿಗೆ ಇದು ಮೃದಂಗದ ಅಂಗಡಿಯ ವಿಮರ್ಶೆಯೋ ಬೇರೇನೋ ಎಂದು ಅನುಮಾನ ಬಂದಿರಬಹುದು. ಎರಡು ಪ್ಯಾರಾ ತಾಳಿ, ಅಂಗಡಿಗೆ ಅಂಕ ಕೊಡುವುದಕ್ಕೇ ಇದು ಬೇಕು.

ಅಂಚು ಬಿಗಿದ ಒಂದು ಚರ್ಮಕ್ಕೆ ಅನಂತ ಬಗೆಯ ಕಂಪನಗಳು. ಪ್ರತಿಯೊಂದರ ಆವರ್ತನದ ವರ್ಗವನ್ನು ಸಾಲಾಗಿ ಬರೆದುಕೊಳ್ಳಿ, ಅವೇ ಐಗನ್‌ವ್ಯಾಲ್ಯೂಗಳು. ಸಾಮಾನ್ಯ ಮ್ಯಾಟ್ರಿಕ್ಸ್ ಆಗಿದ್ದರೆ ಅವನ್ನೆಲ್ಲ ಕೂಡಿದ ಮೊತ್ತಕ್ಕೆ ಟ್ರೇಸ್ ಎನ್ನುತ್ತೇವೆ, ಪಿಯುಸಿ ಮಕ್ಕಳೂ ಲೆಕ್ಕ ಹಾಕುತ್ತಾರೆ. ಇಲ್ಲಿ ಕೂಡಲು ಹೋದರೆ ಮೊತ್ತ ಎಲ್ಲಿಯೂ ನಿಲ್ಲುವುದಿಲ್ಲ. ಅದಕ್ಕೆ ಪ್ರತಿ ಸಂಖ್ಯೆಯನ್ನೂ ಮೈನಸ್ ಎಸ್ ಘಾತಕ್ಕೆ ಏರಿಸಿ ಕೂಡುತ್ತೇವೆ. ಎಸ್ ಒಂದಕ್ಕಿಂತ ದೊಡ್ಡದಾಗಿರುವವರೆಗೆ ಮೊತ್ತ ಸಿಗುತ್ತದೆ, ಅಲ್ಲಿಂದಾಚೆಗೆ ಅದನ್ನು ಬೇರೆ ದಾರಿಯಲ್ಲಿ ವಿಸ್ತರಿಸಿಕೊಳ್ಳಬೇಕು. ಹಾಗೆ ಹೋಗುವಾಗ ಕೆಲವು ಜಾಗಗಳಲ್ಲಿ ಫಂಕ್ಷನ್ ಆಕಾಶಕ್ಕೆ ಚಿಮ್ಮುತ್ತದೆ. ಆ ಜಾಗಗಳನ್ನು ಪೋಲ್ ಎನ್ನುತ್ತಾರೆ, ಚಿಮ್ಮುವ ಜೋರಿಗೆ ರೆಸಿಡ್ಯೂ ಎನ್ನುತ್ತಾರೆ. ತ್ರಿಜ್ಯ ಒಂದು ಇರುವ, ಅಂಚು ಕಟ್ಟಿದ, ಎಲ್ಲೆಡೆ ಒಂದೇ ದಪ್ಪದ ವೃತ್ತದ ಚರ್ಮಕ್ಕೆ ಎಸ್ = 1ರಲ್ಲಿ ರೆಸಿಡ್ಯೂ 1/4. ಅದು ಬರುವುದು ವಿಸ್ತೀರ್ಣದಿಂದ. ಎಸ್ = 1/2ರಲ್ಲಿ ಮೈನಸ್ 1/4. ಅದು ಬರುವುದು ಸುತ್ತಳತೆಯಿಂದ, ಅಂದರೆ ಅಂಚಿನಿಂದ ಮಾತ್ರ. ಚೆಂಡಿನ ಮೇಲ್ಮೈಗೆ ಈ ಎರಡನೆಯ ಪೋಲ್ ಇಲ್ಲವೇ ಇಲ್ಲ. ಅಂಚನ್ನು ಕಟ್ಟದೆ ಬಿಟ್ಟರೆ ಮೈನಸ್ ಹೋಗಿ ಪ್ಲಸ್ ಆಗುತ್ತದೆ. ಚರ್ಮವನ್ನು ಕಟ್ಟಿದ್ದೀರೋ ಬಿಟ್ಟಿದ್ದೀರೋ ಎಂಬುದನ್ನು ಒಂದು ಚಿಹ್ನೆ ಹೇಳಿಬಿಡುತ್ತದೆ.

ಎಸ್ = 0ರಲ್ಲಿ ಇನ್ನೊಂದು ತಮಾಷೆ. ಯಾವ ಸಂಖ್ಯೆಯೂ ಸೊನ್ನೆಯ ಘಾತಕ್ಕೆ ಒಂದು. ಹಾಗಾಗಿ ಅಲ್ಲಿ ನಾವು ಅನಂತ ಒಂದುಗಳನ್ನು ಕೂಡುತ್ತಿದ್ದೇವೆ, ಉತ್ತರ ಬರುವುದು 1/6. ವಿದ್ಯಾರ್ಥಿನಿಯಾಗಿದ್ದಾಗ ಇದನ್ನು ಮೊದಲ ಸಲ ಲೆಕ್ಕ ಹಾಕಿದ ರಾತ್ರಿ ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತು ನಕ್ಕಿದ್ದೆ.

ಈಗ ಕರಣೆಗೆ ಬರೋಣ. ಬರಿಯ ಚರ್ಮ ಬಹಳ ಒರಟು ವಾದ್ಯ. ಮೊದಲ ಸ್ವರವನ್ನು 1 ಎಂದಿಟ್ಟುಕೊಂಡರೆ ಮುಂದಿನವು 1.59, 2.14, 2.30 ಹೀಗೆ ಅಡ್ಡಾದಿಡ್ಡಿ ಬೀಳುತ್ತವೆ. ಅದಕ್ಕೇ ತಮಟೆಯಲ್ಲಿ ಷಡ್ಜ ಹುಡುಕಲಾಗದು. ನಡುವೆ ಕರಣೆ ಹಚ್ಚಿದರೆ ಇವೇ 2, 3, 4, 5ರ ಸಾಲಿಗೆ ಬಂದು ನಿಲ್ಲುತ್ತವೆ. ಇದನ್ನು ವಿಜ್ಞಾನದ ಭಾಷೆಯಲ್ಲಿ ಹೇಳಿದವರು ಸಿ. ವಿ. ರಾಮನ್. 1920ರಲ್ಲಿ ಕಲ್ಕತ್ತಾದಲ್ಲಿದ್ದಾಗ ಎಸ್. ಕುಮಾರ್ ಜೊತೆ 'ನೇಚರ್' ಪತ್ರಿಕೆಗೆ ಒಂದು ಟಿಪ್ಪಣಿ, ಆಮೇಲೆ ಬೆಂಗಳೂರಿಗೆ ಬಂದು ತಾವೇ ಕಟ್ಟಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲಿ, 1934ರಲ್ಲಿ, ವಿವರವಾದ ಪ್ರಬಂಧ. ಚರ್ಮದ ಮೇಲೆ ನಯವಾದ ಮರಳು ಉದುರಿಸಿ, ಒಂಬತ್ತು ಬಗೆಯ ಕಂಪನಗಳು ಐದೇ ಸ್ವರಗಳಲ್ಲಿ ಗುಂಪುಗೂಡುವುದನ್ನು ತೋರಿಸಿದರು: ಮೊದಲೆರಡರಲ್ಲಿ ಒಂದೊಂದು, ಮುಂದಿನೆರಡರಲ್ಲಿ ಎರಡೆರಡು, ಐದನೆಯದರಲ್ಲಿ ಮೂರು. ಬಳೇಪೇಟೆಯಿಂದ ಆ ಅಕಾಡೆಮಿಗೆ ಬಸ್ಸಿನಲ್ಲಿ ಹೋಗಬಹುದು.

ನಮ್ಮವರ ಕಣ್ಣಿಗೆ ಕರಣೆ ಇನ್ನೂ ಬೇರೆ ಥರ ಕಾಣುತ್ತದೆ. ಚರ್ಮದ ಒಂದು ಜಾಗ ಭಾರವಾದರೆ ಅಲೆ ಅಲ್ಲಿ ನಿಧಾನವಾಗುತ್ತದೆ. ನಿಧಾನವಾಯಿತು ಎಂದರೂ ಒಂದೇ, ಅಲ್ಲಿ ದೂರ ಹೆಚ್ಚಿತು ಎಂದರೂ ಒಂದೇ. ಹಾಗಾಗಿ ಕರಣೆ ಹಚ್ಚಿದ ಚಪ್ಪಟೆ ಚರ್ಮ ಲೆಕ್ಕಕ್ಕೆ ಚಪ್ಪಟೆಯಲ್ಲ, ನಡುವೆ ಉಬ್ಬಿದ ಮೇಲ್ಮೈ, ಇಡ್ಲಿಯ ಹಾಗೆ. ಆ ಇಡ್ಲಿಯ ವಿಸ್ತೀರ್ಣವೆಂದರೆ ಚರ್ಮದ ಒಟ್ಟು ತೂಕವನ್ನು ಬಿಗಿಯಿಂದ ಭಾಗಿಸಿದ್ದು. ಯಜಮಾನರು ಒಂದೊಂದು ಪದರ ಕರಣೆ ಹಚ್ಚಿದ ಹಾಗೂ ಎಸ್ = 1ರ ರೆಸಿಡ್ಯೂ ಏರುತ್ತ ಹೋಗುತ್ತದೆ. ಎಸ್ = 1/2ರದ್ದು ಕದಲುವುದಿಲ್ಲ, ಏಕೆಂದರೆ ಅದು ಅಂಚಿನ ಗೆರೆಯ ಮೇಲಿನ ಸಾಂದ್ರತೆಯನ್ನಷ್ಟೇ ನೋಡುತ್ತದೆ, ಕರಣೆ ಅಲ್ಲಿಗೆ ತಲುಪುವುದಿಲ್ಲ. ಆ 1/6 ಕೂಡ, ಕರಣೆ ಅಂಚಿನ ಕಡೆಗೆ ನಯವಾಗಿ ತೆಳುವಾಗುತ್ತ ಹೋಗಿದ್ದರೆ, 1/6 ಆಗಿಯೇ ಇರುತ್ತದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಈ ಲೆಕ್ಕದಲ್ಲಿ ಶ್ರುತಿ ಇಲ್ಲ. ರೆಸಿಡ್ಯೂಗಳು ಹೇಳುವುದು ಸಾಲಿನ ಬಾಲದ ಕಥೆಯನ್ನು, ಯಾವ ಕಿವಿಗೂ ಕೇಳದ ಲಕ್ಷದಾಚೆಯ ಕಂಪನಗಳು ಹೇಗೆ ದಟ್ಟೈಸುತ್ತವೆ ಎಂಬುದನ್ನು. ಕಛೇರಿಯಲ್ಲಿ ಕೇಳುವುದು ರಾಮನ್ನರ ಒಂಬತ್ತು. ಆ ಒಂಬತ್ತು ಸುಸ್ವರವಾಗಿವೆಯೋ ಅಪಸ್ವರವಾಗಿವೆಯೋ, ನನ್ನ 1/4ಕ್ಕೂ 1/6ಕ್ಕೂ ಚಿಂತೆಯಿಲ್ಲ. ಗಣಿತಜ್ಞ ಮಾರ್ಕ್ ಕಾಟ್ಸ್ 1966ರಲ್ಲಿ ಡೋಲಿನ ಆಕಾರವನ್ನು ಕಿವಿಯಿಂದಲೇ ತಿಳಿಯಬಹುದೇ ಎಂದು ಕೇಳಿದರು. 1992ರಲ್ಲಿ ಗಾರ್ಡನ್, ವೆಬ್, ವೋಲ್ಪರ್ಟ್ ಮೂವರೂ ಆಕಾರ ಬೇರೆಯಾದರೂ ಪೂರ್ತಿ ಒಂದೇ ನಾದವಿರುವ ಎರಡು ಸಮತಲ ಆಕೃತಿಗಳನ್ನು ತೋರಿಸಿ ಸಾಧ್ಯವಿಲ್ಲ ಎಂದರು. ಅಷ್ಟಾದರೂ ವಿಸ್ತೀರ್ಣ ಮತ್ತು ಸುತ್ತಳತೆ ಕೇಳಿಸಿಯೇ ಕೇಳಿಸುತ್ತವೆ. ನನ್ನ ಶಾಸ್ತ್ರವೂ ಯಜಮಾನರ ಕೆಲಸವೂ ಮುಖಾಮುಖಿಯಾಗುವ ಒಂದೇ ಜಾಗವೆಂದರೆ ಆ ಅಂಚು. ಹಾಗಾಗಿ ನಾನು ಅಂಕ ಕೊಡುವುದೂ ಅದಕ್ಕೇ.

ಎರಡನೆಯ ಸಲ ಹೋದಾಗ ಕೆಲಸ ನಡೆಯುತ್ತಿತ್ತು, ಕುಳಿತು ನೋಡಲು ಬಿಟ್ಟರು. ಕಿಟ್ಟದ ಕಪ್ಪು ಪುಡಿಯನ್ನು ಅನ್ನದ ಜೊತೆ ಕಲಸಿ ನಾದಿಟ್ಟಿದ್ದರು. ಅದರಿಂದ ಗುಂಡುಮಣಿಯಷ್ಟು ತೆಗೆದು, ಹೆಬ್ಬೆರಳಿನಿಂದ ಚರ್ಮದ ನಡುವೆ ತೀಡಿ, ನುಣುಪಾದ ಕಲ್ಲಿನಿಂದ ಉಜ್ಜುತ್ತಿದ್ದರು. ಒಣಗುತ್ತ ಬಂದ ಹಾಗೆ ಉಜ್ಜುವ ಸದ್ದು ಬದಲಾಗುತ್ತದೆ, ಮೊದಲು ಸರಸರ, ಆಮೇಲೆ ಗಾಜಿನ ಮೇಲೆ ಉಜ್ಜಿದಂತೆ. ಕರಣೆಯ ಮೈಯೆಲ್ಲ ಕೂದಲೆಳೆಯ ಬಿರುಕು ಬಿಡಬೇಕು, ಬಿಡದೆ ಗಟ್ಟಿಯಾಗಿ ಕುಳಿತರೆ ಚರ್ಮ ಬಾಗುವುದಿಲ್ಲ ಎಂದರು. ಮತ್ತೊಂದು ಪದರ, ಹಿಂದಿನದಕ್ಕಿಂತ ಕೂದಲಷ್ಟು ಚಿಕ್ಕ ವೃತ್ತ. ನಡುವೆ ದಪ್ಪ, ಹೊರಕ್ಕೆ ತೆಳು. ನಾನು ಮನಸ್ಸಿನಲ್ಲೇ 'ನಯವಾದ ಫಂಕ್ಷನ್' ಎಂದುಕೊಂಡೆ.

ಅಂಚಿನ ಕೆಲಸ ಮಾತ್ರ ಹುಡುಗನಿಗೆ ಬಿಡಲಿಲ್ಲ. ಮೃದಂಗದ ಬಲಗಡೆ ಇರುವುದು ಒಂದೇ ಚರ್ಮವಲ್ಲ. ನಾದ ಕೊಡುವ ಚರ್ಮದ ಮೇಲೆ ಅಂಚಿಗಷ್ಟೇ ಉಂಗುರದಂತೆ ಇನ್ನೊಂದು ದಪ್ಪ ಚರ್ಮ ಕೂರುತ್ತದೆ, ಎರಡರ ನಡುವೆ ಸಣ್ಣ ಕಡ್ಡಿ ಚೂರುಗಳು. ಫ್ರಾನ್ಸಿನ ಬುತೆ ದ ಮೋನ್ವೆಲ್ 1971ರಲ್ಲಿ ಕಟ್ಟಿದ ಅಂಚಿನ ಬೀಜಗಣಿತದಲ್ಲಿಯೂ ಇಂಥದೇ ಏರ್ಪಾಡು: ಒಳಗೆ ಎಲ್ಲ ಕಡೆ ಕೆಲಸ ಮಾಡುವ ಒಂದು ಆಪರೇಟರ್, ಅದಕ್ಕೆ ಅಂಚಿನ ಹತ್ತಿರ ಮಾತ್ರ ಜೀವವಿರುವ ಇನ್ನೊಂದು ತುಂಡು. ಟ್ರೇಸ್ ಲೆಕ್ಕ ಹಾಕುವಾಗ ಎರಡರದ್ದೂ ಬೇರೆ ಬೇರೆ ಬರುತ್ತದೆ, ತೊಂದರೆ ಕೊಡುವುದು ಯಾವಾಗಲೂ ಎರಡನೆಯದು. ನನ್ನ ಥೀಸಿಸಿನ ಮೂರನೆಯ ಅಧ್ಯಾಯದಲ್ಲಿ ಆ ತುಂಡಿನ ಒಂದು ಚಿಹ್ನೆ ತಪ್ಪಿ ಹೋಗಿ ಏಳು ತಿಂಗಳು ಅಲೆದಿದ್ದೇನೆ.

ಆಮೇಲೆ ಶ್ರುತಿ. ಹೆಣೆದ ಅಂಚಿನ ಮೇಲೆ ಮರದ ಗೂಟ ಇಟ್ಟು ಕಲ್ಲಿನಿಂದ ಪೆಟ್ಟು. ಮೇಲಿನಿಂದ ಕೊಟ್ಟರೆ ಏರುತ್ತದೆ, ಕೆಳಗಿನಿಂದ ಕೊಟ್ಟರೆ ಇಳಿಯುತ್ತದೆ. ಒಂದು ಕಣ್ಣಿಗೆ ಪೆಟ್ಟು ಬಿದ್ದರೆ ಅದೊಂದೇ ಬದಲಾಗುವುದಿಲ್ಲ, ಎದುರಿನದೂ ಪಕ್ಕದ್ದೂ ಅಲುಗುತ್ತವೆ. ಈ ಕಣ್ಣು ಸರಿಯಿದೆಯೇ ಎಂಬುದನ್ನು ಆ ಕಣ್ಣನ್ನೇ ನೋಡಿ ಹೇಳಲಾಗದು, ಸುತ್ತ ಹದಿನಾರನ್ನೂ ಕೇಳಿಯೇ ಹೇಳಬೇಕು. ನನಗೆ ಗಣಿತಜ್ಞ ವಿ. ಕೆ. ಪಟೋಡಿ ನೆನಪಾದರು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದವರು, ಅತೀಯಾ ಮತ್ತು ಸಿಂಗರ್ ಜೊತೆ 1975ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಅಂಚಿಗೆ ಹಾಕಿದ ನಿಬಂಧನೆ ಇದೇ ಜಾತಿಯದು: ಬಿಂದು ಬಿಂದುವಾಗಿ ಪರೀಕ್ಷಿಸಲಾಗದು, ಇಡೀ ಅಂಚಿನ ಕಂಪನಗಳನ್ನು ಒಟ್ಟಿಗೆ ನೋಡಿ ಅರ್ಧವನ್ನು ತಡೆಯಬೇಕು. ಮರುವರ್ಷ ಪಟೋಡಿ ತೀರಿಕೊಂಡರು, 31 ವರ್ಷ. ಆ ನಿಬಂಧನೆಯ ಜೊತೆಗೆ ಜೀಟಾ ಫಂಕ್ಷನ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಡೆನ್ಮಾರ್ಕಿನ ಗೆರ್ಡ್ ಗ್ರುಬ್ ಅವರೂ ಅದೇ ಸೀಲಿಯವರೂ ಕೂಡಿ 1995ರಲ್ಲಿ ಪ್ರಕಟಿಸಿದ ಪ್ರಬಂಧದಿಂದಲೇ ನಾನು ಈ ವಿಷಯದ ಒಳಗೆ ಹೋಗಿದ್ದು. ಜಮಖಾನೆಯ ಮೇಲೆ ಕುಳಿತು ಇದನ್ನೆಲ್ಲ ಯೋಚಿಸುತ್ತಿದ್ದಾಗ ಯಜಮಾನರು ಗೂಟ ಕೆಳಗಿಟ್ಟು, "ಈಗ ನುಡಿಸಿ ನೋಡಿ" ಎಂದರು. ನನಗೆ ನುಡಿಸಲು ಬರುವುದಿಲ್ಲ ಎಂದೆ. ಅವರ ಮುಖದಲ್ಲಿ ಕಂಡದ್ದನ್ನು ಬರೆಯುವುದಿಲ್ಲ.

ಮನೆಗೆ ತಂದು ಮಗಳಿಂದ 'ನಂ' ನುಡಿಸಿ ಮೊಬೈಲಿಗೆ ಕೇಳಿಸಿದೆ. ಒಂದೇ ಶಿಖರ. 'ವಂ ವಂ' ಹೋಗಿದೆ. ಮೂಲಸ್ವರದ ಮೇಲಿನವು 2, 3, 4ರ ಪಕ್ಕದಲ್ಲೇ ಕುಳಿತಿವೆ, ಐದನೆಯದು ಸ್ವಲ್ಪ ಮೇಲೆ. ಎರಡು ತಿಂಗಳಾಯಿತು, ಮಳೆ ಹಿಡಿದ ಮೇಲೂ ಒಮ್ಮೆ ಮಾತ್ರ ಗೂಟ ಬಡಿಯಬೇಕಾಯಿತು.

ದೂರುಗಳೂ ಇವೆ. ಶುಕ್ರವಾರ ಕೊಡುತ್ತೇನೆ ಎಂದದ್ದು ಸಿಕ್ಕಿದ್ದು ವಾದ್ಯ ಕೊಟ್ಟ ಹತ್ತೊಂಬತ್ತು ದಿನದ ಮೇಲೆ, ಅದೂ ಶುಕ್ರವಾರವೇ ಆದ್ದರಿಂದ ತಪ್ಪೆನ್ನಲು ಆಗಲಿಲ್ಲ. ಫೋನು ಎತ್ತುವುದಿಲ್ಲ. ಬಲಮುಚ್ಚಿಗೆ, ಕರಣೆ, ಕೂಲಿ ಎಲ್ಲ ಸೇರಿ 2,600 ರೂಪಾಯಿ ತೆಗೆದುಕೊಂಡರು, ರಸೀದಿ ಕೇಳಿದರೆ ಬೀಡಿ ಕಟ್ಟಿನ ಹಿಂಬದಿಯಲ್ಲಿ ಬರೆದುಕೊಟ್ಟರು. ಹಣ ಸರಿಯೇ, ಗುರುಗಳೂ ಹೌದೆಂದರು. ಎಡಗಡೆಯನ್ನೂ ನೋಡಿ ಎಂದು ಕೇಳಿಕೊಂಡಿದ್ದೆ, ಅದನ್ನು ಹುಡುಗ ಮಾಡಿದ, ಅಷ್ಟಕ್ಕಷ್ಟೆ. ರವೆ ಹಚ್ಚಿದರೂ ಗುಮಕಿ, ಅಂದರೆ ಎಡಗೈಯ ಜಾರುವ ನಾದ, ಗಂಟಲು ಕಟ್ಟಿದಂತೆ ಬರುತ್ತದೆ. ಎಡಕ್ಕೆ ಐದರಲ್ಲಿ ಎರಡು, ಕರಣೆಗೆ ನಾಲ್ಕು, ಅಂಚಿಗೆ ಐದು. ಅಂಚಿಗೆ ಐದು ಕೊಡುವುದು ನನ್ನ ಜೀವನದಲ್ಲಿ ಇದೇ ಮೊದಲು. ನನ್ನ ಥೀಸಿಸಿಗೇ ನಾನು ಮೂರೂವರೆಗಿಂತ ಹೆಚ್ಚು ಕೊಡಲಾರೆ.

ಹೋಗುವವರು ಬೆಳಗ್ಗೆ ಹನ್ನೊಂದರ ಒಳಗೆ ಹೋಗಿ, ಮಧ್ಯಾಹ್ನ ಯಜಮಾನರು ಮಲಗುತ್ತಾರೆ. ಅಮಾವಾಸ್ಯೆಗೆ ಬಾಗಿಲು ತೆಗೆಯುವುದಿಲ್ಲ. 'ಅಂಚಿನ ಮೇಡಂ ಕಳಿಸಿದರು' ಎಂದು ಹೇಳಿ, ನನ್ನ ನಂಬರನ್ನು ಅವರು ಹಾಗೆಯೇ ಬರೆದುಕೊಂಡಿದ್ದಾರೆ. ಎಡಮುಚ್ಚಿಗೆ ಮಾತ್ರ ಅವರ ಕೈಯಿಂದಲೇ ಆಗಬೇಕೆಂದು ಮೊದಲೇ ಖಡಾಖಂಡಿತವಾಗಿ ಕೇಳಿ.